ಬಾಲೂ ಅವರ ವಿಕೆಟ್ ಲೆಕ್ಕ

ನಮ್ಮ ಗೋಡೆ ಪತ್ರಿಕೆಯಲ್ಲಿ ಮುಳಬಾಗಿಲಿನ ಡಿ.ವಿ.ಜಿ. ಅವರ ಜೀವನ ಚರಿತ್ರೆ ಬಂದಾಯಿತು. ಮಾಲೂರು ತಾಲ್ಲೂಕಿನ ಮಾಸ್ತಿ ಅವರದೂ ಬಂದಾಯಿತು. ವಿಶ್ವೇಶ್ವರಯ್ಯನವರದು ಮೂರು ಸಲ ಬಂದಿದೆ. ಈ ತಿಂಗಳು ನನ್ನ ಸರದಿ. ನಾನು ಒಬ್ಬ ಕ್ರಿಕೆಟ್ ಬೌಲರ್ ಬಗ್ಗೆ ಬರೀತೀನಿ ಅಂದಾಗ ಕ್ಲಾಸಲ್ಲಿ ಎಲ್ಲರೂ ಕುಂಬ್ಳೆನಾ, ಚಂದ್ರಶೇಖರಾ ಅಂತ ಕೇಳಿದರು. ಇಬ್ಬರೂ ಅಲ್ಲ. ಅವರಿಬ್ಬರೂ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಆಡಿದವರು. ಅವರ ಹೆಸರು ಪಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

ಅವರು ನನಗೆ ಗೊತ್ತಾದದ್ದು ಗಣಿತದ ಪೀರಿಯಡ್ಡಿನಲ್ಲಿ. ಮೇಷ್ಟ್ರು ಸರಾಸರಿ ಪಾಠ ಮಾಡ್ತಾ ಇದ್ದರು. ಪುಸ್ತಕದಲ್ಲಿ ಇರೋ ಲೆಕ್ಕ ಬೇಡ, ನಿಜವಾದ ಲೆಕ್ಕ ಮಾಡೋಣ ಅಂತ ನನ್ನ ಸ್ಕೋರ್ ನೋಟ್‌ಬುಕ್ ತರೋಕೆ ಹೇಳಿದರು. ನಮ್ಮೂರ ಹುಡುಗರು ಮ್ಯಾಚ್ ಆಡುವಾಗ ಸ್ಕೋರ್ ಬರೆಯೋದು ನಾನೇ. ನನಗೆ ಬೌಲಿಂಗ್ ಬರುತ್ತೆ. ನಮ್ಮಣ್ಣನಿಗೆ ಪ್ರಾಕ್ಟೀಸ್ ಬೇಕಾದಾಗ ಸಾಯಂಕಾಲ ಪೂರ್ತಿ ನನ್ನ ಕೈಯಲ್ಲೇ ಬಾಲ್ ಹಾಕಿಸ್ಕೋತಾನೆ. ಮ್ಯಾಚ್ ದಿನ ಮಾತ್ರ ಹೆಣ್ಣು ಹುಡುಗಿ ಅಂತ ನೋಟ್‌ಬುಕ್ ಕೊಟ್ಟು ಮರದ ಕೆಳಗೆ ಕೂರಿಸ್ತಾರೆ. ಮೊದಲು ಕೆರೆ ಅಂಗಳದಲ್ಲಿ ಆಡ್ತಿದ್ರು. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಕೆ.ಸಿ. ವ್ಯಾಲಿ ನೀರು ಬಿಟ್ಟರಲ್ಲ, ಆಮೇಲೆ ನಮ್ಮ ಕೆರೆಯೂ ತುಂಬಿ ಪಿಚ್ ಮುಳುಗಿಹೋಯಿತು. ಈಗ ರಾಗಿ ಕೊಯ್ದ ಹೊಲದಲ್ಲಿ ಆಡ್ತಾರೆ. ನೀರು ಬಂದಿದ್ದು ಒಳ್ಳೇದೇ, ಆದ್ರೂ ಹುಡುಗರಿಗೆ ಬೇಜಾರು.

ಸರಿ, ಮೇಷ್ಟ್ರು ನನ್ನ ನೋಟ್‌ಬುಕ್ ತೆಗೆದು ಒಂದು ಮ್ಯಾಚಿನ ಲೆಕ್ಕ ಹಲಗೆ ಮೇಲೆ ಬರೆದರು. ಅದು ತಾಳೆ ಆಗಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ಅವರು ನನ್ನ ಮುಖ ನೋಡಿದರು, ನೋಟ್‌ಬುಕ್ ಮುಚ್ಚಿದರು, ಬೈಯಲಿಲ್ಲ. ಹಲಗೆ ಒರೆಸಿ ಎರಡು ಸಂಖ್ಯೆ ಬರೆದರು. 114 ಮತ್ತು 18.84.

ಒಬ್ಬ ಬೌಲರ್ 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತೆಗೆದುಕೊಂಡರು, ಒಂದು ವಿಕೆಟ್‌ಗೆ ಸರಾಸರಿ 18.84 ರನ್ ಕೊಟ್ಟರು, ಹಾಗಾದರೆ ಒಟ್ಟು ಎಷ್ಟು ರನ್ ಕೊಟ್ಟರು ಅನ್ನೋದು ಲೆಕ್ಕ. ನಾವು ಗುಣಿಸಿದೆವು. 2147.76 ಬಂತು. ಮುಕ್ಕಾಲು ರನ್ ಅನ್ನೋದು ಕ್ರಿಕೆಟ್‌ನಲ್ಲಿ ಇಲ್ಲ, ಆದ್ದರಿಂದ 2,148 ಇರಬೇಕು ಅಂತ ಮೇಷ್ಟ್ರು ಹೇಳಿದರು. ಬ್ಯಾಟಿಂಗ್ ಸರಾಸರಿ ಜಾಸ್ತಿ ಇದ್ದರೆ ಒಳ್ಳೇದು, ಬೌಲಿಂಗ್ ಸರಾಸರಿ ಕಡಿಮೆ ಇದ್ದರೆ ಒಳ್ಳೇದು. ಇದು ಕೆಲವರಿಗೆ ಇನ್ನೂ ಉಲ್ಟಾ ಆಗುತ್ತೆ, ಅದಕ್ಕೇ ಬರೆದೆ. ಆಮೇಲೆ ಆ ಬೌಲರ್ ಯಾರು ಅಂತ ಮೇಷ್ಟ್ರು ಎರಡು ಪೀರಿಯಡ್ ಕಥೆ ಹೇಳಿದರು. ಅದನ್ನೇ ನಾನು ಬರ್ಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಪಲ್ವಂಕರ್ ಬಾಲೂ ಅವರು 1876ನೇ ಇಸವಿ ಮಾರ್ಚ್ 19ರಂದು ಧಾರವಾಡದಲ್ಲಿ ಜನಿಸಿದರು. ಆಗ ಧಾರವಾಡ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಅವರ ಮನೆತನ ಕೊಂಕಣದ ಪಲ್ವಣ್ ಅನ್ನೋ ಊರಿನದು, ಅದಕ್ಕೇ ಪಲ್ವಂಕರ್. ಚರ್ಮದ ಕೆಲಸ ಮಾಡುವ ಜಾತಿಯಲ್ಲಿ ಹುಟ್ಟಿದರು. ಆ ಕಾಲದಲ್ಲಿ ಅವರನ್ನು ಮುಟ್ಟಬಾರದು ಅಂತ ಇಟ್ಟಿದ್ದರು. ಅಪ್ಪ ಸೈನ್ಯದ ಕಡೆ ಕೆಲಸದಲ್ಲಿದ್ದರು. ಮನೆಯವರು ಪುಣೆಗೆ ಹೋದರು. ಅಲ್ಲಿ ಇಂಗ್ಲಿಷ್ ಆಫೀಸರುಗಳು ಆಡಿ ಬಿಟ್ಟ ಹಳೇ ಬ್ಯಾಟು ಬಾಲುಗಳಲ್ಲಿ ಬಾಲೂ ಮತ್ತು ಅವರ ತಮ್ಮ ಶಿವರಾಮ್ ಆಟ ಕಲಿತರು.

ಅವರ ಮನೆಮಾತು ಮರಾಠಿ, ಹಂಗಾದ್ರೆ ಅವರು ನಮ್ಮವರು ಹೆಂಗಾಗ್ತಾರೆ ಅಂತ ಕ್ಲಾಸಲ್ಲಿ ಒಬ್ಬ ಕೇಳಿದ. ನಮ್ಮೂರಲ್ಲಿ ಅರ್ಧ ಮನೆಗಳಲ್ಲಿ ತೆಲುಗು ಮಾತಾಡ್ತೀವಿ, ಹಾಗಂತ ನಾವು ಕೋಲಾರದವರು ಅಲ್ವಾ ಅಂತ ನಾನು ಕೇಳಿದೆ. ಅವನು ಸುಮ್ಮನಾದ.

ಬಾಲೂ ಅವರಿಗೆ ಮೊದಲು ಸಿಕ್ಕಿದ ಕೆಲಸ ಪುಣೆಯಲ್ಲಿ ಪಾರ್ಸಿ ಜನರ ಕ್ರಿಕೆಟ್ ಕ್ಲಬ್ಬಿನಲ್ಲಿ. ಆಡುವ ಕೆಲಸ ಅಲ್ಲ. ಪಿಚ್ ಗುಡಿಸೋದು, ರೋಲರ್ ಎಳೆಯೋದು. ತಿಂಗಳಿಗೆ 3 ರೂಪಾಯಿ ಸಂಬಳ. ಆಗಾಗ ಮೆಂಬರ್‌ಗಳಿಗೆ ಬಾಲ್ ಹಾಕಬೇಕಾಗಿತ್ತು. 1892ರಲ್ಲಿ ಅವರು ಇಂಗ್ಲಿಷರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ 4 ರೂಪಾಯಿ. ಆಗ ಅವರಿಗೆ ಹದಿನಾರು ವರ್ಷ. ಪಿಚ್ ಸರಿ ಮಾಡಬೇಕು, ನೆಟ್ ಕಟ್ಟಬೇಕು, ಟೆನ್ನಿಸ್ ಅಂಗಳಕ್ಕೆ ಗೆರೆ ಹಾಕಬೇಕು. ಟ್ರಾಸ್ ಅನ್ನೋ ಇಂಗ್ಲಿಷಿನವರು ಇವರನ್ನು ಬಾಲ್ ಹಾಕೋಕೆ ಹೇಳಿ ನೋಡಿದರು. ಎಡಗೈ. ನಿಧಾನವಾಗಿ ಹಾಕುವ ಸ್ಪಿನ್. ಬಾಲ್ ಬಿದ್ದ ಮೇಲೆ ಎತ್ತ ತಿರುಗುತ್ತೆ ಅಂತ ಆಡೋರಿಗೆ ಗೊತ್ತಾಗ್ತಿರಲಿಲ್ಲ.

ಆ ಕ್ಲಬ್ಬಿನಲ್ಲಿ ಗ್ರೆಗ್ ಅನ್ನೋ ಕ್ಯಾಪ್ಟನ್ ಇದ್ದರು. ಇಂಗ್ಲಿಷರ ಕಡೆ ಅವರೇ ತುಂಬಾ ಒಳ್ಳೇ ಬ್ಯಾಟ್ಸ್‌ಮನ್. ಎಲ್ಲರಿಗಿಂತ ಒಂದು ಗಂಟೆ ಮುಂಚೆ ಮೈದಾನಕ್ಕೆ ಬಂದು ಬಾಲೂ ಕೈಲಿ ಬಾಲ್ ಹಾಕಿಸಿಕೊಳ್ಳುತ್ತಿದ್ದರು. ತನ್ನನ್ನು ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದರಂತೆ. ಇದು ಜನ ಹೇಳಿಕೊಂಡು ಬಂದಿರುವ ಕಥೆ. ನಿಜವಾಗಿದ್ದರೆ ಲೆಕ್ಕ ನೋಡಿ: ಎಂಟು ಸಲ ಔಟ್ ಮಾಡಿದರೆ 4 ರೂಪಾಯಿ, ಅಂದರೆ ಒಂದು ತಿಂಗಳ ಸಂಬಳ! ವಾರಕ್ಕೆ ಒಂದು ಸಲ ಔಟ್ ಮಾಡಿದರೂ ತಿಂಗಳಿಗೆ 2 ರೂಪಾಯಿ ಮೇಲೆ ಸಿಗುತ್ತೆ. ಹಂಗಾಗಿ ಬಾಲೂ ಮನಸ್ಸಿಟ್ಟು ಹಾಕಿರಲೇಬೇಕು. ಈ ಗ್ರೆಗ್ ಅವರು ಮುಂದೆ ಸೈನ್ಯ ಬಿಟ್ಟು ಚರ್ಚಿನ ಪಾದ್ರಿ ಆದರಂತೆ.

ನೂರಾರು ಗಂಟೆ ಬಾಲ್ ಹಾಕಿದರೂ ಆ ಕ್ಲಬ್ಬಿನಲ್ಲಿ ಬಾಲೂ ಕೈಗೆ ಒಂದು ಸಲವೂ ಬ್ಯಾಟ್ ಕೊಡಲಿಲ್ಲ. ಬ್ಯಾಟ್ ಮಾಡೋದು ಸಾಹೇಬರ ಕೆಲಸ, ಬಾಲ್ ಹಾಕೋದು ಆಳಿನ ಕೆಲಸ. ಮೇಷ್ಟ್ರು ಇದನ್ನು ಹೇಳಿದಾಗ ನಾನು ನಮ್ಮಣ್ಣನ ಕಡೆ ನೋಡಿದೆ. ಅವನು ಎಂಟನೇ ಕ್ಲಾಸು, ಆದ್ರೂ ಅವತ್ತು ಅವರ ಮೇಷ್ಟ್ರು ರಜ ಇದ್ದಿದ್ದರಿಂದ ನಮ್ಮ ರೂಮಲ್ಲೇ ಹಿಂದೆ ಕೂತಿದ್ದ. ಅವನು ಕಿಟಕಿ ಕಡೆ ನೋಡ್ತಿದ್ದ.

ಪುಣೆಯಲ್ಲಿ ಹಿಂದೂಗಳ ಟೀಮ್ ಒಂದಿತ್ತು. ಅವರಿಗೆ ಇಂಗ್ಲಿಷರನ್ನು ಸೋಲಿಸಬೇಕು ಅಂತ ಆಸೆ. ಬಾಲೂನ ಸೇರಿಸ್ಕೊಂಡರೆ ಗೆಲ್ಲಬಹುದು, ಆದರೆ ಜಾತಿ ಅಡ್ಡ ಬಂತು. ಟೀಮಿನಲ್ಲಿ ದೊಡ್ಡ ಜಗಳ ಆಯಿತು. ಮರಾಠಿ ಬ್ರಾಹ್ಮಣರು ಕೆಲವರು ಬೇಡ ಅಂದರು. ತೆಲುಗು ಮಾತಾಡುವ ಮೆಂಬರ್‌ಗಳು ಬೇಕು ಅಂದರು. (ಇದನ್ನು ಕೇಳಿ ನಮ್ಮ ಕ್ಲಾಸಲ್ಲಿ ಚಪ್ಪಾಳೆ ಹೊಡೆದರು.) ಅಂಥ ಬೌಲರನ್ನು ಬಿಟ್ಟರೆ ಹಿಂದೂಗಳಿಗೇ ನಷ್ಟ ಅಂತ ಗ್ರೆಗ್ ಕೂಡ ಪತ್ರಿಕೆಯವರಿಗೆ ಹೇಳಿದರು. ಕೊನೆಗೆ ಸೇರಿಸಿಕೊಂಡರು.

ಮೈದಾನದಲ್ಲಿ ಎಲ್ಲರೂ ಒಂದೇ ಬಾಲ್ ಮುಟ್ಟುತ್ತಿದ್ದರು. ಬಾಲೂ ಹಾಕಿದ ಬಾಲನ್ನು ಕ್ಯಾಚ್ ಹಿಡಿದು ವಾಪಸ್ ಅವರ ಕೈಗೇ ಕೊಡ್ತಿದ್ರು. ಅದರಲ್ಲಿ ಮೈಲಿಗೆ ಇಲ್ಲ. ಟೀ ಟೈಮ್ ಆದ ಕೂಡಲೇ ಮೈಲಿಗೆ ಬರುತ್ತಿತ್ತು. ಉಳಿದವರು ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿಯುತ್ತಿದ್ದರು. ಬಾಲೂಗೆ ಹೊರಗಡೆ, ಕುಡಿದು ಬಿಸಾಕುವ ಮಣ್ಣಿನ ಲೋಟದಲ್ಲಿ. ಊಟ ಬೇರೆ ತಟ್ಟೆಯಲ್ಲಿ, ಬೇರೆ ಕಡೆ ಕೂತು. ಮುಖ ತೊಳೆಯೋಕೆ ನೀರು ಬೇಕಾದರೆ ಅವರ ಜಾತಿಯಂಥದೇ ಜಾತಿಯ ಆಳು ಒಂದು ಮೂಲೆಯಲ್ಲಿ ನಿಂತು ಸುರಿಯಬೇಕು.

ನಾನು ಇದನ್ನು ಮನೆಯಲ್ಲಿ ತಾತನಿಗೆ ಹೇಳಿದೆ. ತಾತನಿಗೆ ಆಶ್ಚರ್ಯ ಆಗಲಿಲ್ಲ. ಅವರು ಚಿಕ್ಕವರಿದ್ದಾಗ ಸಂತೆಗೆ ಹೋದರೆ ಹೋಟೆಲಿನ ಹೊರಗೆ ಗೋಡೆ ಸಂದಿನಲ್ಲಿ ಬೇರೆ ಲೋಟ ಇಡ್ತಿದ್ರಂತೆ. ಕೆಲವು ಕಡೆ ತೆಂಗಿನ ಚಿಪ್ಪು. ಮೇಲಿಂದ ಹುಯ್ಯೋರು, ಕುಡಿದ ಮೇಲೆ ಅವರೇ ತೊಳೆದು ಮತ್ತೆ ಸಂದಿನಲ್ಲಿ ಇಟ್ಟು ಹೋಗಬೇಕಾಗಿತ್ತಂತೆ. ಯಾರಿಗೆ ಅಂತ ನಾನು ಕೇಳಿದೆ. ತಾತ ಉತ್ತರ ಕೊಡದೆ ಹಸು ಕಟ್ಟೋಕೆ ಹೋದರು.

ಸ್ಕೋರ್ ಶೀಟಿನಲ್ಲಿ ಬೌಲರ್ ಹೆಸರಿನ ಮುಂದೆ ನಾಲ್ಕು ಮನೆ ಇರುತ್ತವೆ. ಎಷ್ಟು ಓವರ್, ಎಷ್ಟು ಮೇಡನ್, ಎಷ್ಟು ರನ್, ಎಷ್ಟು ವಿಕೆಟ್. ಟೀ ಎಲ್ಲಿ ಕುಡಿದರು ಅಂತ ಬರೆಯೋಕೆ ಮನೆ ಇಲ್ಲ. ಹಾಗೇನೇ ಜಾತಿ ಬರೆಯೋಕೂ ಮನೆ ಇಲ್ಲ. ಇದರಲ್ಲಿ ಯಾವುದು ಒಳ್ಳೇದು ಯಾವುದು ಕೆಟ್ಟದ್ದು ಅಂತ ನಾನು ಇನ್ನೂ ಯೋಚನೆ ಮಾಡ್ತಾ ಇದೀನಿ.

ಸತಾರಾ ಅನ್ನೋ ಊರಲ್ಲಿ ಒಂದು ಮ್ಯಾಚ್ ಆಯಿತು. ಅಲ್ಲಿನ ಇಂಗ್ಲಿಷರಿಗೆ ಬಾಲೂ ಸ್ಪಿನ್ ಅಂದರೆ ಭಯ. ಅದಕ್ಕೇ ಒಂದು ವಾರ ಮುಂಚೆಯಿಂದ ಪಿಚ್ ಮೇಲೆ ರೋಲರ್ ಎಳೆಸಿದರಂತೆ, ಬಾಲ್ ತಿರುಗಬಾರದು ಅಂತ. ರೋಲರ್ ಎಳೆದೇ ದೊಡ್ಡವರಾದವರಿಗೆ ರೋಲರ್ ಭಯನಾ! ಬಾಲೂ ಏಳು ವಿಕೆಟ್ ತಗೊಂಡರು. ಅವರನ್ನು ಆನೆ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ಪುಣೆಗೆ ಬಂದಾಗ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಹಾರ ಹಾಕಿದರು. ಇವರ ಜೊತೆ ಆಡಬಹುದಾದರೆ ಕೂತು ಊಟ ಯಾಕೆ ಮಾಡಬಾರದು ಅಂತ ರಾನಡೆಯವರು ಹಿಂದೂ ಆಟಗಾರರನ್ನು ಕೇಳಿದರು. ಬಾಲಗಂಗಾಧರ ತಿಲಕರೂ ಬಾಲೂ ಅವರನ್ನು ಹೊಗಳಿದರು.

ಆಮೇಲೆ ಪ್ಲೇಗ್ ಮಾರಿ ಬಂದಿದ್ದ ಕಾಲದಲ್ಲಿ ಬಾಲೂ ಪುಣೆ ಬಿಟ್ಟು ಬೊಂಬಾಯಿಗೆ ಹೋದರು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಹಿಂದೂ ಜಿಮ್ಖಾನಾದವರು ಟೀಮಿಗೆ ಸೇರಿಸಿಕೊಂಡರು. ಅಲ್ಲೂ ಮೊದಲು ವಿರೋಧ ಇತ್ತು. ಸ್ವಲ್ಪ ಕಾಲ ಆದಮೇಲೆ ಮಣ್ಣಿನ ಲೋಟ ತಪ್ಪಿತು.

ಈಗ ನನಗೆ ತುಂಬಾ ಇಷ್ಟವಾದ ಸ್ಕೋರ್ ಬರೀತೀನಿ. 1906ನೇ ಇಸವಿ, ಬೊಂಬಾಯಿ. ಹಿಂದೂಗಳಿಗೂ ಯೂರೋಪಿಯನ್ನರಿಗೂ ಮ್ಯಾಚ್. ಆಗ ಟೀಮುಗಳು ರಾಜ್ಯದ ಪ್ರಕಾರ ಇರಲಿಲ್ಲ, ಧರ್ಮದ ಪ್ರಕಾರ ಇದ್ದವು. ಪಾರ್ಸಿಗಳದು ಒಂದು, ಹಿಂದೂಗಳದು ಒಂದು, 1912ರಿಂದ ಮುಸ್ಲಿಮರದೂ ಒಂದು. ಈಗ ಕೇಳಿದರೆ ವಿಚಿತ್ರ ಅನ್ಸುತ್ತೆ. ರಣಜಿ ಟ್ರೋಫಿ ಶುರುವಾಗಿದ್ದು 1934ರಲ್ಲಿ.

ಹಿಂದೂಗಳು: 242 ಮತ್ತು 160
ಯೂರೋಪಿಯನ್ನರು: 191 ಮತ್ತು 102

242ಕ್ಕೆ 160 ಕೂಡಿದರೆ 402. 191ಕ್ಕೆ 102 ಕೂಡಿದರೆ 293. ಕಳೆಯಿರಿ. 109. ಅಷ್ಟು ರನ್‌ಗಳಿಂದ ಹಿಂದೂಗಳು ಗೆದ್ದರು. ದೇಶವನ್ನೇ ಆಳುತ್ತಿದ್ದವರು ಕೊನೇ ಇನ್ನಿಂಗ್ಸಿನಲ್ಲಿ ಬರೀ 102ಕ್ಕೆ ಆಲೌಟ್. ಬಾಲೂ ಬಾಲ್ ಹಾಕಿದರು, ತಮ್ಮ ಶಿವರಾಮ್ ಕೂಡ ಆ ಟೀಮಿನಲ್ಲಿ ಇದ್ದರು. ಊರೂರಲ್ಲಿ ಪತ್ರಿಕೆಗಳು ಬರೆದವು. ಚಮ್ಮಾರರ ಹುಡುಗರನ್ನು ಸೇರಿಸಿಕೊಂಡಿದ್ದರಿಂದ ಗೆದ್ದಿರಿ, ಊರಲ್ಲೂ ಹಂಗೇ ಮಾಡಿ ಅನ್ನೋ ಅರ್ಥದಲ್ಲಿ ಸುಧಾರಣೆ ಬಯಸುವವರು ಬರೆದರು. ಮುಂದಿನ ವರ್ಷ 1907ರಲ್ಲಿ ಮತ್ತೆ ಹಿಂದೂಗಳೇ ಯೂರೋಪಿಯನ್ನರನ್ನು ಸೋಲಿಸಿದರು.

1911ರಲ್ಲಿ ಭಾರತದ ಟೀಮ್ ಮೊದಲನೇ ಸಲ ಇಂಗ್ಲೆಂಡಿಗೆ ಹೋಯಿತು. (ಪಾರ್ಸಿಗಳು ಮಾತ್ರ ಅದಕ್ಕೂ ಮುಂಚೆ ಹೋಗಿದ್ದರು. ಎಲ್ಲ ಧರ್ಮದವರೂ ಸೇರಿ ಹೋಗಿದ್ದು ಇದೇ ಮೊದಲು.) ಪಟಿಯಾಲದ ಮಹಾರಾಜರು ಕ್ಯಾಪ್ಟನ್. ಅವರು ಇನ್ನೂ ಇಪ್ಪತ್ತರ ಹತ್ತಿರದ ಹುಡುಗ, ಕೆಲವೇ ಮ್ಯಾಚ್ ಆಡಿದರು. ನಮ್ಮ ಬೆಂಗಳೂರಿನ ಬಿ. ಜಯರಾಂ ಕೂಡ ಆ ಟೀಮಿನಲ್ಲಿ ಇದ್ದರು. ಬಾಲೂ ಮತ್ತು ಶಿವರಾಮ್ ಅಣ್ಣ ತಮ್ಮ ಇಬ್ಬರೂ ಹೋದರು.

ಒಟ್ಟು 23 ಮ್ಯಾಚ್. ಗೆದ್ದದ್ದು 6, ಸೋತದ್ದು 15, ಡ್ರಾ 2. ಓದಿದರೆ ಬೇಜಾರಾಗುತ್ತೆ. ಆದರೆ ಬಾಲೂ ಅವರ ಸಾಲು ಮಾತ್ರ ಬೇರೆ ಥರ ಇದೆ. ಎಲ್ಲ ಮ್ಯಾಚ್ ಸೇರಿ 114 ವಿಕೆಟ್. ಅದರಲ್ಲಿ ದೊಡ್ಡ ಮ್ಯಾಚ್, ಅಂದರೆ ಫಸ್ಟ್ ಕ್ಲಾಸ್ ಅಂತಾರಲ್ಲ, ಅವುಗಳಲ್ಲಿ 75 ವಿಕೆಟ್, ಸರಾಸರಿ 20.12. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಇನ್ನಿಂಗ್ಸಿನಲ್ಲಿ 103 ರನ್ ಕೊಟ್ಟು 8 ವಿಕೆಟ್ ತಗೊಂಡರು. ಲಾರ್ಡ್ಸ್ ಮೈದಾನದಲ್ಲಿ 96 ರನ್ ಕೊಟ್ಟು 4. ಆಗ ಅವರ ವಯಸ್ಸು 35. ಸೋತ ಟೀಮಿನ ಬೌಲರ್ ಇಷ್ಟು ವಿಕೆಟ್ ತಗೊಂಡರೆ ಏನರ್ಥ ಗೊತ್ತಾ? ಅವರು ಔಟ್ ಮಾಡ್ತಾ ಇದ್ದರು, ಉಳಿದವರು ರನ್ ಹೊಡೆಯಲಿಲ್ಲ. ಇಂಗ್ಲಿಷಿನವರೇ ಬರೆದಿಟ್ಟ ಸ್ಕೋರ್ ಶೀಟುಗಳಲ್ಲಿ ಇದೆಲ್ಲಾ ಇದೆ.

ವಾಪಸ್ ಬಂದಾಗ ಬೊಂಬಾಯಿಯಲ್ಲಿ ದಲಿತ ಜನರು ಸನ್ಮಾನ ಇಟ್ಟುಕೊಂಡರು. ಅವತ್ತಿನ ಸನ್ಮಾನ ಪತ್ರ ಬರೆದುಕೊಟ್ಟವರು ಯಾರು ಅಂತ ಮೇಷ್ಟ್ರು ಕೇಳಿದರು. ಯಾರಿಗೂ ಗೊತ್ತಾಗಲಿಲ್ಲ. ಕಾಲೇಜಿನಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಭೀಮರಾವ್ ಅಂಬೇಡ್ಕರ್! ನಮ್ಮ ಸ್ಕೂಲಲ್ಲಿ ಏಪ್ರಿಲ್ 14ಕ್ಕೆ ಫೋಟೋಗೆ ಹೂವು ಹಾಕ್ತೀವಲ್ಲ, ಅವರೇ. ಅವರಿಗೆ ಚಿಕ್ಕ ವಯಸ್ಸಿನಲ್ಲಿ ಬಾಲೂ ಅಂದರೆ ತುಂಬಾ ಅಭಿಮಾನ ಇತ್ತು.

ಇಷ್ಟು ವಿಕೆಟ್ ತಗೊಂಡವರನ್ನು ಕ್ಯಾಪ್ಟನ್ ಮಾಡಬೇಕಾಗಿತ್ತು. ಮಾಡಲಿಲ್ಲ. 1910ರಿಂದ 1920ರವರೆಗೂ ಬಾಲೂ ಹೆಸರು ಬರುತ್ತಿತ್ತು, ಪ್ರತಿ ಸಲ ಬೇರೆ ಯಾರಾದರೂ ಮೇಲ್ಜಾತಿಯವರು ಕ್ಯಾಪ್ಟನ್ ಆಗುತ್ತಿದ್ದರು. 1913ರಲ್ಲಿ ಎಂ.ಡಿ. ಪೈ ಅನ್ನೋರನ್ನು ಮಾಡಿದಾಗ, ಈ ಗೌರವ ಬಾಲೂಗೆ ಸೇರಬೇಕಾಗಿತ್ತು ಅಂತ ಪೈ ಅವರೇ ಸಭೆಯಲ್ಲಿ ಹೇಳಿದರು. ಒಳ್ಳೇ ಮನುಷ್ಯರು. ಆದರೆ ಹೇಳಿದ ಮೇಲೂ ಕ್ಯಾಪ್ಟನ್ ಅವರೇ ಆಗಿದ್ದರು.

ಇಲ್ಲಿ ನಾನು ನನ್ನ ನೋಟ್‌ಬುಕ್ ವಿಷಯ ಹೇಳಬೇಕು. ಹೋದ ಬೇಸಿಗೆಯಲ್ಲಿ ಶ್ರೀನಿವಾಸಪುರದ ಕಡೆ ಒಂದು ಊರಲ್ಲಿ, ಮಾವಿನ ತೋಪಿನ ಪಕ್ಕದಲ್ಲಿ ಟೆನ್ನಿಸ್ ಬಾಲ್ ಟೂರ್ನಮೆಂಟ್ ನಡೆಯಿತು. ಕೋಲಾರ, ಮುಳಬಾಗಿಲು, ಮಾಲೂರು ಕಡೆಯಿಂದೆಲ್ಲಾ ಟೀಮುಗಳು ಬಂದಿದ್ದವು. ನಮ್ಮ ಟೀಮಿನ ಒಬ್ಬ ಹುಡುಗ ಐದು ವಿಕೆಟ್ ತಗೊಂಡ. ಅವನ ಹೆಸರು ಬರೆಯಲ್ಲ, ಎಲ್ಲರಿಗೂ ಗೊತ್ತು. ನಮ್ಮ ಟೀಮಿನಲ್ಲೇ ಇನ್ನೊಬ್ಬ ಮೂರು ತಗೊಂಡ. ಮ್ಯಾಚ್ ಮುಗಿದ ಮೇಲೆ ದೊಡ್ಡವರೊಬ್ಬರು ನನ್ನ ಹತ್ತಿರ ಬಂದು, ಎರಡು ವಿಕೆಟ್ ಆ ಕಡೆ ಹಾಕಮ್ಮ, ಬೆಸ್ಟ್ ಬೌಲರ್ ಕಪ್ ಅವನಿಗೆ ಕೊಡಬೇಕು ಅಂತ ಹೇಳಿದರು. ಆ ಕಪ್ಪುಗಳಿಗೆ ದುಡ್ಡು ಕೊಟ್ಟಿದ್ದು ಅವನ ಮನೆಯವರು. ನಾನು ಬರೆಯೋದು ಪೆನ್ಸಿಲ್ಲಲ್ಲಿ. ರಬ್ಬರ್ ಹಾಕಿ ಅಳಿಸಿದೆ. 5 ಇದ್ದದ್ದು 3 ಆಯಿತು, 3 ಇದ್ದದ್ದು 5 ಆಯಿತು. ಕಪ್ ಕೊಟ್ಟರು, ಚಪ್ಪಾಳೆ ಹೊಡೆದರು. ಐದು ತಗೊಂಡಿದ್ದವನು ಏನೂ ಮಾತಾಡಲಿಲ್ಲ. ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಲ್ಲಿ ಒಬ್ಬನೇ ಕೂತಿದ್ದ.

ಆದರೆ ನಾನು ಒಂದು ಮರೆತಿದ್ದೆ. ಒಂದೊಂದು ಬಾಲ್‌ಗೂ ಒಂದೊಂದು ಗುರುತು ಹಾಕ್ತೀವಿ. ರನ್ ಇಲ್ಲದಿದ್ದರೆ ಚುಕ್ಕೆ, ವಿಕೆಟ್ ಬಿದ್ದರೆ ಗುಣಾಕಾರದ ಗುರುತು. ಕೊನೆಯಲ್ಲಿ ಒಟ್ಟು ಬರೆಯುವ ಮನೆಯಲ್ಲಿ ಮಾತ್ರ ತಿದ್ದಿದೆ, ಓವರ್‌ಗಳ ಒಳಗೆ ಗುಣಾಕಾರದ ಗುರುತುಗಳು ಹಂಗೇ ಉಳಿದಿದ್ದವು. ಅವನ ಹೆಸರಿನ ಮುಂದೆ ಐದು, ಇನ್ನೊಬ್ಬನ ಮುಂದೆ ಮೂರು. ಮೇಷ್ಟ್ರು ಗಣಿತದ ಪೀರಿಯಡ್ಡಿನಲ್ಲಿ ಕೂಡಿದಾಗ ತಾಳೆ ಆಗದೆ ಇದ್ದದ್ದು ಇದಕ್ಕೇ.

ಮತ್ತೆ ಬಾಲೂ ಕಥೆಗೆ ಬರ್ತೀನಿ. 1920ರಲ್ಲಿ ಅವರಿಗೆ 44 ವರ್ಷ. ಆ ವರ್ಷ ಅವರನ್ನು ಹಿಂದೂ ಟೀಮಿನಿಂದಲೇ ಬಿಟ್ಟರು. ಪೈ ಅವರು ಆಡುವ ಹಾಗಿರಲಿಲ್ಲ, ಆದ್ದರಿಂದ ಕ್ಯಾಪ್ಟನ್ ಜಾಗ ಖಾಲಿ ಇತ್ತು. ಅದು ಶಿವರಾಮ್‌ಗೆ ಸಿಗಬೇಕಾಗಿತ್ತು. ಅವರಿಗಿಂತ ಚಿಕ್ಕವರಾದ ಡಿ.ಬಿ. ದೇವಧರ್‌ಗೆ ಕೊಟ್ಟರು. ಆಗ ಬಾಲೂ ತಮ್ಮಂದಿರಾದ ಶಿವರಾಮ್ ಮತ್ತು ವಿಠಲ್ ನಾವು ಆಡೋದೇ ಇಲ್ಲ ಅಂತ ಕಾಗದ ಬರೆದು ಟೀಮಿನಿಂದ ಹೊರಗೆ ಬಂದರು. ಜಾತಿಯಿಂದಲೇ ಹಿಂಗೆ ಮಾಡಿದ್ದು ಅಂತ ಎಲ್ಲರಿಗೂ ತಿಳಿಯೋ ಹಾಗೆ ಬರೆದರು. ಊರಲ್ಲೆಲ್ಲಾ ಗಲಾಟೆ ಆಯಿತು. ಕೊನೆಗೆ ಪಾರ್ಸಿಗಳ ಮೇಲಿನ ಫೈನಲ್‌ಗೆ ಮೂವರನ್ನೂ ಕರೆದರು. ಪೈ ವಾಪಸ್ ಬಂದು ಕ್ಯಾಪ್ಟನ್, ಬಾಲೂ ವೈಸ್ ಕ್ಯಾಪ್ಟನ್. ಮ್ಯಾಚಿನ ಮಧ್ಯೆ ಪೈ ಅವರು ಮೈದಾನದಿಂದ ಹೊರಗೆ ಹೋದರು. ಅಷ್ಟು ಹೊತ್ತು ಬಾಲೂ ಕ್ಯಾಪ್ಟನ್. ಇದೂ ಸ್ಕೋರ್ ಶೀಟಿನಲ್ಲಿ ಬರಲ್ಲ. ಸ್ಕೋರ್ ಶೀಟಿನಲ್ಲಿ ಕ್ಯಾಪ್ಟನ್ ಅಂತ ಪೈ ಹೆಸರೇ ಇರುತ್ತೆ.

ಅವರಿಗೆ ಗಣಪತ್ ಅಂತ ಇನ್ನೊಬ್ಬ ತಮ್ಮ ಇದ್ದರು. ಅವರೂ ಕ್ರಿಕೆಟ್ ಆಡ್ತಿದ್ರು, ಚಿಕ್ಕ ವಯಸ್ಸಲ್ಲೇ ತೀರಿಕೊಂಡರು. 1923ರಲ್ಲಿ ವಿಠಲ್ ಅವರನ್ನು ಹಿಂದೂ ಟೀಮಿಗೆ ಕ್ಯಾಪ್ಟನ್ ಮಾಡಿದರು. ಅವರು ಒಳ್ಳೇ ಬ್ಯಾಟ್ಸ್‌ಮನ್. ಯೂರೋಪಿಯನ್ನರನ್ನು ಸೋಲಿಸಿದರು. ಜನ ಅವರನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಅಣ್ಣನಿಗೆ ಸಿಗದೇ ಇದ್ದದ್ದು ತಮ್ಮನಿಗೆ ಸಿಕ್ಕಿತು. ಬಾಲೂಗೆ ಆಗ 47 ವರ್ಷ.

ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಲೂಗೆ 56. ಅದಕ್ಕೇ ಅವರ ಹೆಸರಿನ ಮುಂದೆ ಒಂದು ಟೆಸ್ಟ್ ವಿಕೆಟ್ಟೂ ಇಲ್ಲ. ನಮ್ಮಲ್ಲಿ ಅವರ ಹೆಸರು ಯಾರಿಗೂ ಗೊತ್ತಿಲ್ಲದೆ ಇರೋದಕ್ಕೆ ಇದೇ ಕಾರಣ ಅಂತ ನನಗನ್ಸುತ್ತೆ.

ಆಟ ಬಿಟ್ಟ ಮೇಲಿನ ಕಥೆ ಬರೆಯೋಕೆ ನನಗೆ ಸ್ವಲ್ಪ ಕಷ್ಟ ಆಯಿತು. 1932ರಲ್ಲಿ ಗಾಂಧೀಜಿಯವರು ಯರವಾಡ ಜೈಲಿನಲ್ಲಿ ಉಪವಾಸ ಕೂತರು. ದಲಿತರಿಗೆ ಬೇರೆ ಮತದಾರರ ಪಟ್ಟಿ ಬೇಕು ಅಂತ ಅಂಬೇಡ್ಕರ್, ಬೇಡ ಅಂತ ಗಾಂಧೀಜಿ. ಬಾಲೂ ಮತ್ತು ಎಂ.ಸಿ. ರಾಜಾ ಅವರು ಅಂಬೇಡ್ಕರ್ ಅವರನ್ನು ಒಪ್ಪಿಸೋಕೆ ಹೋದರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದ ಆಯಿತು. ಅದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. ಆಮೇಲೆ 1937ರಲ್ಲಿ ಬೊಂಬಾಯಿ ವಿಧಾನಸಭೆ ಚುನಾವಣೆಗೆ ಕಾಂಗ್ರೆಸ್‌ನವರು ಬಾಲೂ ಅವರನ್ನು ನಿಲ್ಲಿಸಿದರು. ಎದುರಿಗೆ ಯಾರು? ಅಂಬೇಡ್ಕರ್. ಸನ್ಮಾನ ಪತ್ರ ಬರೆದವರು ಮತ್ತು ಸನ್ಮಾನ ಮಾಡಿಸಿಕೊಂಡವರು ಎದುರುಬದುರು ನಿಂತರು. ಇದಕ್ಕೂ ಸ್ಕೋರ್ ಇದೆ.

ಅಂಬೇಡ್ಕರ್: 13,245
ಬಾಲೂ: 11,225

2,020 ಓಟಿನಲ್ಲಿ ಅಂಬೇಡ್ಕರ್ ಗೆದ್ದರು. ಯಾರ ಕಡೆ ಸರಿ ಅಂತ ಮೇಷ್ಟ್ರನ್ನು ಕೇಳಿದೆ. ನೀನೇ ಓದಿ ತಿಳ್ಕೋ ಅಂದರು. ಅಂಬೇಡ್ಕರ್ ಗೆದ್ದದ್ದು ಒಳ್ಳೇದಾಯಿತು ಅಂತ ನನಗೆ ಅನ್ಸುತ್ತೆ. ಆದರೂ ಬಾಲೂ ಸೋತಾಗ ಪಾಪ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಬಾರದು ಅಂತ ಏನೂ ಇಲ್ಲ ಅಲ್ವಾ.

ಬಾಲೂ ಅವರು 1955ನೇ ಇಸವಿ ಜುಲೈ 4ರಂದು ಬೊಂಬಾಯಿಯಲ್ಲಿ ನಿಧನರಾದರು. ಅವರಿಗೆ 79 ವರ್ಷ ವಯಸ್ಸಾಗಿತ್ತು.

ಅವರು ಫಸ್ಟ್ ಕ್ಲಾಸ್ ಅಂತ ಆಡಿದ್ದು 33 ಮ್ಯಾಚ್ ಮಾತ್ರ. 179 ವಿಕೆಟ್. ಸರಾಸರಿ 15.21. ಅಂದರೆ ಒಂದು ಮ್ಯಾಚಿಗೆ ಐದಕ್ಕಿಂತ ಜಾಸ್ತಿ ವಿಕೆಟ್, ಭಾಗಿಸಿ ನೋಡಿ. ಬ್ಯಾಟಿಂಗ್‌ನಲ್ಲಿ 753 ರನ್, ಸರಾಸರಿ 13.69. ಬ್ಯಾಟ್ ಕೈಗೇ ಕೊಡದೆ ಬೆಳೆಸಿದವರಿಗೆ 753 ಕಡಿಮೆ ಅಲ್ಲ. ಸಂಬಳ 3 ರೂಪಾಯಿ ಕೊಟ್ಟವರ ಹೆಸರು ಯಾರಿಗೂ ನೆನಪಿಲ್ಲ. ಮಣ್ಣಿನ ಲೋಟ ತಂದುಕೊಟ್ಟವರ ಹೆಸರೂ ನೆನಪಿಲ್ಲ. ಆ 179 ಮಾತ್ರ ನೂರು ವರ್ಷ ಆದರೂ ಯಾರೂ ರಬ್ಬರ್ ಹಾಕದೆ ಹಂಗೇ ಉಳಿದಿದೆ, ಶ್ರೀನಿವಾಸಪುರದ ಕಡೆಯ ಒಂದು ಸ್ಕೂಲಿನ ಹಲಗೆವರೆಗೂ ಬಂತು.

ಕಳೆದ ಶನಿವಾರ ನಾನು ನನ್ನ ನೋಟ್‌ಬುಕ್ಕಿನ ಆ ಪುಟವನ್ನು ತಿದ್ದಿದೆ. ಈ ಸಲ ಪೆನ್ನಲ್ಲಿ. 5 ಇದ್ದ ಕಡೆ 5, 3 ಇದ್ದ ಕಡೆ 3. ಕೆಳಗೆ ನನ್ನ ಸಹಿ, ತಾರೀಖು ಹಾಕಿದೀನಿ. ಕಪ್ ಯಾರ ಮನೆಯಲ್ಲಿದೆಯೋ ಅಲ್ಲೇ ಇದೆ, ಅದು ನನ್ನ ಕೈಲಿ ಇಲ್ಲ. ಐದು ತಗೊಂಡಿದ್ದ ಹುಡುಗನಿಗೆ ಪುಟ ತೋರಿಸಿದೆ. ಅವನು ಒಂದೊಂದು ಓವರನ್ನೂ ಬೆರಳಿಟ್ಟು ಎಣಿಸಿದ. ಆಮೇಲೆ, ನಾಲ್ಕನೇ ಓವರಿನ ಮೂರನೇ ಬಾಲು ವೈಡ್, ನೀನು ಚುಕ್ಕೆ ಹಾಕಿದೀಯ ಅಂದ. ಅದನ್ನೂ ತಿದ್ದಿದೆ.

ನೋಟ್‌ಬುಕ್ ಆರನೇ ಕ್ಲಾಸಿನ ಬೀರುವಿನಲ್ಲಿ ಇದೆ. ನೋಡಬೇಕು ಅನ್ನೋರು ಮೇಷ್ಟ್ರನ್ನ ಕೇಳಿ ತಗೊಳ್ಳಿ. ಹರಿಯಬೇಡಿ.

ಏಳನೇ ತರಗತಿ